ಇಲಿಯ ಗಡ್ಡೆಗೆ ಲೇಸರ್ ಶಾಖ: ಕಂಪ್ಯೂಟರ್ ಮಾದರಿ ಕಟ್ಟುವುದು

ಚರ್ಮದಡಿಯ 8 ಮಿ.ಮೀ. ಗಡ್ಡೆಯೊಂದನ್ನು ತೆಗೆದುಕೊಳ್ಳಿ. ಗಡ್ಡೆ, ಚರ್ಮ, ಸ್ನಾಯು ಈ ಮೂರು ಪದರ ಸಾಕು. ಇಡೀ ಇಲಿಯನ್ನು ಬರೆಯುವ ಹಟ ಬೇಡ. ಅಂಗಾಂಶದಲ್ಲಿ ಶಾಖ ಹರಿಯುವುದನ್ನೂ ರಕ್ತ ಅದನ್ನು ಒಯ್ಯುವುದನ್ನೂ ಲೆಕ್ಕಹಾಕುವ ಸಮೀಕರಣ 1948ರ ಪೆನ್ನೆಸ್‌ರದ್ದು. ಸಾಂದ್ರತೆ 1050 ಕೆ.ಜಿ./ಘನ ಮೀಟರ್, ವಿಶಿಷ್ಟೋಷ್ಣ 3600 ಜೂಲ್/ಕೆ.ಜಿ.·ಕೆಲ್ವಿನ್, ಉಷ್ಣವಾಹಕತೆ 0.5 ವ್ಯಾಟ್/ಮೀಟರ್·ಕೆಲ್ವಿನ್ ಎಂದು ಶುರುಮಾಡಿ.

ಹೆಚ್ಚಿನವರು ಎಡವುವುದು ರಕ್ತಪೂರೈಕೆಯಲ್ಲಿ. 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ 60 ಮಿ.ಲೀ. ಎಂದರೆ, ಅಂಗಾಂಶದ ಪ್ರತಿ ಘನ ಅಳತೆಗೆ ಸೆಕೆಂಡಿಗೆ ಸುಮಾರು 0.01 ಪಾಲು ರಕ್ತ. ಇಲ್ಲಿ 60ರಿಂದ ಭಾಗಿಸುವುದು ಮರೆತರೆ ಗಡ್ಡೆ ಬಿಸಿಯೇ ಆಗದು. ಅಂಗಾಂಶ ಬೆಂದಮೇಲೆ ರಕ್ತ ಹರಿಯುವುದಿಲ್ಲ. ಹಾನಿ ಹೆಚ್ಚಿದಂತೆ ಈ ಮೌಲ್ಯವನ್ನು ಸೊನ್ನೆಯತ್ತ ಇಳಿಸಿ. ಇನ್ನೊಂದು ವಿಷಯ: ಅರಿವಳಿಕೆ ಕೊಟ್ಟ ಇಲಿಯ ಮೈ ಬೇಗ ತಣ್ಣಗಾಗುತ್ತದೆ. ಆರಂಭಕ್ಕೆ ಕಣ್ಣುಮುಚ್ಚಿ 37 ಡಿಗ್ರಿ ಹಾಕದೆ, ಅಳೆದದ್ದನ್ನೇ ಹಾಕಿ.

ಜಾಲರಿ, ಅಂದರೆ ಲೆಕ್ಕಕ್ಕಾಗಿ ಅಂಗಾಂಶವನ್ನು ಒಡೆಯುವ ತುಣುಕುಗಳ ಅಳತೆ, ಗಡ್ಡೆಯೊಳಗೆ 0.25 ಮಿ.ಮೀ., ಹೊರಗೆ ಒರಟಾಗಿರಲಿ. ಅದನ್ನು ಅರ್ಧಕ್ಕಿಳಿಸಿದಾಗ ಗರಿಷ್ಠ ತಾಪ 0.1 ಡಿಗ್ರಿಗಿಂತ ಹೆಚ್ಚು ಬದಲಾದರೆ ಇನ್ನೂ ಸಣ್ಣದು ಬೇಕು.

ಲೇಸರ್ ಸೇರಿಸುವ ಮುನ್ನ ಕೈಲೆಕ್ಕ ಮಾಡಿ: ಘನ ಮೀಟರಿಗೆ 10 ಲಕ್ಷ ವ್ಯಾಟ್ ಸಮನಾಗಿ ಕೊಟ್ಟರೆ ಮೊದಲ ಕ್ಷಣಗಳಲ್ಲಿ ತಾಪ ಸೆಕೆಂಡಿಗೆ ಸುಮಾರು 0.26 ಡಿಗ್ರಿ ಏರಬೇಕು. ಏರದಿದ್ದರೆ ಏಕಮಾನ ತಪ್ಪಿದೆ.

ಫಲಿತಾಂಶವನ್ನು 43 ಡಿಗ್ರಿಯ ಸಮಾನ ನಿಮಿಷಗಳಲ್ಲಿ ಹೇಳಿ, ಅಂದರೆ ಅಷ್ಟೇ ಹಾನಿಗೆ 43 ಡಿಗ್ರಿಯಲ್ಲಿ ಎಷ್ಟು ನಿಮಿಷ ಬೇಕು ಎಂದು. 45 ಡಿಗ್ರಿಯಲ್ಲಿ 10 ನಿಮಿಷ ಅಂಥ 40 ನಿಮಿಷಕ್ಕೆ ಸಮ. 42ರಲ್ಲಿ 10 ನಿಮಿಷ ಬರೀ 2.5. ಸಾಮಾನ್ಯವಾಗಿ 240 ನಿಮಿಷವನ್ನು ಅಂಗಾಂಶ ಸಾಯುವ ಗಡಿಯಾಗಿ ಬಳಸುತ್ತಾರೆ. ತಾಪ 50 ಡಿಗ್ರಿ ದಾಟಿದರೆ, ತಾಪಕ್ಕೆ ತಕ್ಕಂತೆ ಹಾನಿಯ ವೇಗವನ್ನು ಲೆಕ್ಕಹಾಕುವ ಅರೆನಿಯಸ್ ಸಮೀಕರಣವೇ ವಾಸಿ. ಮಾದರಿಯನ್ನು ನಿಜವಾದ ಅಳತೆಯೊಂದಿಗೆ ಹೋಲಿಸಲು ಥರ್ಮೋಕಪಲ್ (ಲೋಹದ ತಂತಿಯ ತಾಪಮಾಪಕ) ಬದಲು ಫೈಬರ್ ಆಪ್ಟಿಕ್ ತಾಪಮಾಪಕ ಬಳಸಿ. ಲೋಹ ಬೆಳಕನ್ನು ಹೀರಿ ತಾನೇ ಕಾಯುತ್ತದೆ.