ಕುಡಿತ ತಟ್ಟನೆ ಬಿಡಿಸುವ ಮುನ್ನ

ಗಂಡನ ಕುಡಿತದಿಂದ ನೊಂದಿರುವ ಅಕ್ಕತಂಗಿಯರೇ, ಕೊಡಗಿನ ಸುಗ್ಗಿಹಬ್ಬ ಪುತ್ತರಿ ಮುಗಿದ ಮರುದಿನ "ಇನ್ನು ಒಂದು ಹನಿಯೂ ಮುಟ್ಟುವುದಿಲ್ಲ" ಎಂದು ಅವರು ಆಣೆ ಮಾಡಿದರೆ ಸಂತೋಷಪಡಿ, ಆದರೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ. ವರ್ಷಗಟ್ಟಲೆ ದಿನವೂ ಅತಿಯಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, ಬೆವರು ಶುರುವಾಗುತ್ತದೆ. 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡನೆಯ, ಮೂರನೆಯ ದಿನ ಇಲ್ಲದ್ದನ್ನು ಕಂಡು ಬಡಬಡಿಸಬಹುದು. ಇದು ನಾಟಕವಲ್ಲ, ದೆವ್ವದ ಕಾಟವೂ ಅಲ್ಲ, ಜೀವಕ್ಕೇ ಅಪಾಯ. ಫಿಟ್ಸ್ ಬಂದರೆ ಬಾಯಿಗೆ ಏನನ್ನೂ ತುರುಕಬೇಡಿ, 108ಕ್ಕೆ ಕರೆ ಮಾಡಿ, ಅದು ನಿಂತ ಕೂಡಲೇ ಒಂದು ಮಗ್ಗುಲಿಗೆ ಮಲಗಿಸಿ. ತೋಟದೊಳಗಿನ ಮನೆಗಳಿಗೆ ಮಳೆಗಾಲದಲ್ಲಿ ಆಂಬುಲೆನ್ಸ್ ತಲುಪುವುದು ಕಷ್ಟ. ಜೀಪು ಇರುವ ನೆರೆಯವರಿಗೆ ಮೊದಲೇ ಹೇಳಿಡಿ, ನಾಚಿಕೆ ಬೇಡ.

ಕಣ್ಣು ಹಳದಿಯಾದರೆ, ಹೊಟ್ಟೆ ಊದಿಕೊಂಡರೆ ಯಕೃತ್ತು ಸೋಲುತ್ತಿರಬಹುದು. ರಕ್ತವಾಂತಿಯಾದರೆ ಅಥವಾ ಮಲ ಡಾಂಬರಿನಂತೆ ಕಪ್ಪಾದರೆ ಬೆಳಗಾಗುವವರೆಗೂ ಕಾಯಬೇಡಿ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋದಾಗ ಎಷ್ಟು ಕುಡಿಯುತ್ತಾರೆ, ಕೊನೆಯದಾಗಿ ಯಾವಾಗ ಕುಡಿದರು ಎಂಬುದನ್ನು ಮುಚ್ಚಿಡದೆ ಹೇಳಿ. ಔಷಧಿಯ ಪ್ರಮಾಣ ಅದನ್ನೇ ಅವಲಂಬಿಸಿದೆ.

ಕುಡಿತ ಬಿಡಿಸುವ ಮಾತ್ರೆಯನ್ನು ಸಾರಿನಲ್ಲಿ ಗುಟ್ಟಾಗಿ ಬೆರೆಸುವಂತೆ ಯಾರೇ ಹೇಳಿದರೂ ಕೇಳಲೇಬೇಡಿ. ಅಂಥ ಮಾತ್ರೆಯಾದ ಡೈಸಲ್ಫಿರಾಮ್ ಒಳಗಿರುವಾಗ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು.

ನಿಮ್ಮ ಮನಸ್ಸು ಕುಸಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಗಂಡ ಕೈ ಮಾಡಿದರೆ ಮಕ್ಕಳೊಂದಿಗೆ ಮನೆಯಿಂದ ಹೊರಬಂದು 112ಕ್ಕೆ ತಿಳಿಸಿ.