ಮಳೆಗೊಂದು ಆಟ, ಬಿಸಿಲಿಗೊಂದು ಆಟ: ಮಕ್ಕಳಿಗೆ ಆಟಿಕೆ ಆರಿಸುವುದು ಹೇಗೆ

ಅಂಗಡಿಗೆ ಹೊರಡುವ ಮುಂಚೆ ಮನೆ ಸುತ್ತ ಒಂದು ಸುತ್ತು ಹಾಕಿ ಬನ್ನಿ. ಮಗು ಆಡುವುದು ಎಲ್ಲಿ? ನಮ್ಮದು ಮೂಡಿಗೆರೆ ಕಡೆ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಅಂಗಳವೆಲ್ಲ ಪಾಚಿ, ಡಿಸೆಂಬರ್ ಬಂತು ಅಂದರೆ ಕಣದ ತುಂಬ ಕಾಫಿ ಹರಡಿರುತ್ತದೆ, ಮಿಕ್ಕ ಜಾಗವೆಲ್ಲ ಇಳಿಜಾರು. ಇದನ್ನು ಯೋಚಿಸದೆ ನಾನೊಮ್ಮೆ ದುಬಾರಿ ರಿಮೋಟ್ ಕಾರು ತಂದಿದ್ದೆ. ಮಗ ಕೂತಲ್ಲೇ ಕೂತು ಬಟನ್ ಒತ್ತುತ್ತಿದ್ದ. ಅವತ್ತಿನಿಂದ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಓಡುವುದು ಆಟಿಕೆಯೋ, ಮಗುವೋ?

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ದಣಿಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಳೆಗಾಲದಲ್ಲಿ ಅದಕ್ಕೆ ಜಗಲಿಯೇ ಗತಿ. ಸ್ಕಿಪ್ಪಿಂಗ್ ಹಗ್ಗ ತನ್ನಿ. ಹಗ್ಗದ ನಡುವೆ ಕಾಲಿಟ್ಟು ನಿಂತರೆ ಎರಡೂ ಹಿಡಿ ಮಗುವಿನ ಕಂಕುಳ ತನಕ ಬರಬೇಕು, ಅದಕ್ಕಿಂತ ಉದ್ದವಾದರೆ ಕಾಲಿಗೆ ತೊಡರುತ್ತದೆ. ಕುಂಟೆಬಿಲ್ಲೆಗೆ ಸೀಮೆಸುಣ್ಣ ಸಾಕು.

ಕೇರಂ ಮನೆಮಂದಿಯನ್ನೆಲ್ಲ ಕೂರಿಸುತ್ತದೆ ನಿಜ, ಆದರೆ ನಮ್ಮ ಥಂಡಿಗೆ ತೆಳು ಬೋರ್ಡ್ ಬೇಗ ಸೊಟ್ಟಗಾಗುತ್ತದೆ. ದಪ್ಪ ಪ್ಲೈವುಡ್‌ದೇ ಕೊಳ್ಳಿ, ಒದ್ದೆ ಗೋಡೆಗೆ ಒರಗಿಸಬೇಡಿ. ಬೋರಿಕ್ ಪೌಡರ್ ಪುಟ್ಟ ಮಕ್ಕಳ ಕೈಗೆ ಸಿಗಲೇಬಾರದು, ಬಾಯಿಗೆ ಹೋದರೆ ಅಪಾಯ. ನನಗಂತೂ ಚೌಕಾಬಾರ ಇನ್ನೂ ಇಷ್ಟ. 25 ಮನೆ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಎಂಟು ಮನೆ ಎಣಿಸಿ ಅಜ್ಜಿಯ ಕಾಯಿ ಹೊಡೆಯುವ ಮಗುವಿಗೆ ಕೂಡುವ ಲೆಕ್ಕ ಬೇರೆ ಹೇಳಿಕೊಡಬೇಕಾ?

ಸೈಕಲ್ ವಿಷಯದಲ್ಲಿ ಮಾತ್ರ ‘ಹೇಗೂ ಬೆಳೀತಾನೆ’ ಅಂತ ದೊಡ್ಡದು ತರಬೇಡಿ. ನಮ್ಮ ಇಳಿಜಾರಿನಲ್ಲಿ ಅದು ಸುಮ್ನೆ ಅಪಾಯ. ಸೀಟಿನಲ್ಲಿ ಕೂತಾಗ ಎರಡೂ ಪಾದ ನೆಲಕ್ಕೆ ಸಿಗಬೇಕು, ಬ್ರೇಕ್ ಹಿಡಿ ಮಗುವಿನ ಬೆರಳಿಗೇ ಎಟುಕಬೇಕು, ಅಂಗಡಿಯಲ್ಲೇ ಒತ್ತಿಸಿ ನೋಡಿ. ಹೆಲ್ಮೆಟ್ ಸೈಕಲ್ ಜೊತೆಗೇ ಬರಲಿ.

14 ವರ್ಷದೊಳಗಿನವರ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಜಾತ್ರೆಯಲ್ಲಿ ಕೊಳ್ಳುವಾಗಲೂ ನೋಡಿ. ಚನ್ನಪಟ್ಟಣದ ಗೊಂಬೆಗೆ ಆ ಗುರುತು ಇಲ್ಲದಿದ್ದರೆ ಗಾಬರಿ ಬೇಡ, ಭೌಗೋಳಿಕ ಗುರುತು (ಊರಿನ ಹೆಸರಿಗೆ ಸಿಗುವ ಜಿಐ ಟ್ಯಾಗ್) ಪಡೆದ ಕರಕುಶಲ ಆಟಿಕೆಗೆ ವಿನಾಯಿತಿ ಇದೆ. ಮೂರು ವರ್ಷದೊಳಗಿನ ಮಗುವಿದ್ದರೆ ಕವಡೆ, ಗೋಲಿ, ಹುಣಸೆಬೀಜ ಮೇಲಿಡಿ. ಬಟನ್ ಸೆಲ್ (ಗುಂಡಿಯಂಥ ಪುಟ್ಟ ಬ್ಯಾಟರಿ) ಹಾಕುವ ಆಟಿಕೆಯ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ನುಂಗಿದ ಸೆಲ್ ಕೆಲವೇ ಗಂಟೆಯಲ್ಲಿ ಅನ್ನನಾಳ ಸುಡುತ್ತದೆ.

ಇನ್ನು ಏಪ್ರಿಲ್‌ನಲ್ಲಿ ಕಣ ಖಾಲಿಯಾದಾಗ ಲಗೋರಿ ಆಡಿಸಿ. ಹೆಂಚಿನ ಚೂರು ಕೈ ಕೊಯ್ಯುತ್ತದೆ, ಏಳು ಮರದ ಬಿಲ್ಲೆ ಮಾಡಿಸಿಕೊಳ್ಳಿ. ಚೆಂಡು ಮೆತ್ತಗಿರಲಿ, ಬೆನ್ನಿಗೆ ಬೀಳುವುದು ಅದೇ.