ಒನ್ಸ್ ಮೋರ್ ಕೊಟ್ಟ ನಾಲ್ಕು ನಿಮಿಷ: ಕೊಲೆ ನಾಟಕ ಕಟ್ಟಿದ ನನ್ನ ಅನುಭವ

1930ರ ದಶಕದ ನಾಟಕ ಕಂಪನಿಯ ಕ್ಯಾಂಪು, ಅಲ್ಲೊಂದು ಕೊಲೆ, ಕೊನೆಯವರೆಗೂ ಯಾರು ಅಂತ ಗೊತ್ತಾಗಬಾರದು. ಹೀಗೊಂದು ನಾಟಕ ಮಾಡುತ್ತೇನೆ ಅಂದಾಗ ನಮ್ಮ ತಂಡದವರೇ ಒಪ್ಪಲಿಲ್ಲ. "ಎರಡು ಗಂಟೆ ಬರೀ ವಿಚಾರಣೆ ಯಾರು ನೋಡ್ತಾರೆ ಸಾರ್? ಹಾಸ್ಯ ಹಾಕಿ" ಅಂದರು. ಮೂರನೇ ಸಲಕ್ಕೆ ಗೆದ್ದೆ. ಕಳೆದ ನಾಲ್ಕು ಪ್ರದರ್ಶನವೂ ಹೌಸ್‌ಫುಲ್.

ಮೊದಲ ಸಲ ಬಣ್ಣದ ಪೆಟ್ಟಿಗೆಯ ಅರದಾಳವನ್ನೇ ಹಾಲಿಗೆ ಬೆರೆಸುವ ವಿಷ ಮಾಡಿದ್ದೆ. ಹಿಂದೆ ವೇಷದ ಹಳದಿಗೆ ಅದನ್ನು ಬಳಸುತ್ತಿದ್ದರು, ಅದರಲ್ಲಿ ಆರ್ಸೆನಿಕ್ ಇದೆ, ಸಾಕು ಅಂದುಕೊಂಡೆ. ಪ್ರದರ್ಶನ ಮುಗಿದ ಮೇಲೆ ಕೆಮಿಸ್ಟ್ರಿ ಮೇಷ್ಟ್ರೊಬ್ಬರು ಬಂದರು. ಅರದಾಳ ನೀರಿನಲ್ಲಿ ಕರಗುವುದೇ ಕಷ್ಟ, ಹಾಲು ಕುಡಿದ ಎರಡೇ ನಿಮಿಷಕ್ಕೆ ಯಾರೂ ಬೀಳಲ್ಲ ಅಂದರು. ಇಂಥ ಕತೆಯಲ್ಲಿ ಅಷ್ಟು ತಪ್ಪಿದರೆ ಮುಗೀತು. ಹಾಲ್ ಬಾಡಿಗೆ, ಸೆಟ್ಟು, ಲೈಟು ಸೇರಿ ಸುಮಾರು 90 ಸಾವಿರ ಹೋಗಿತ್ತು. ಬಂದದ್ದು 22 ಸಾವಿರ ಇರಬೇಕು.

ಎರಡನೇ ಸಲ ತಗಡಿನ ಕತ್ತಿ ತೆಗೆದು ನಿಜವಾದ ಕತ್ತಿ ಇಡುವ ಕತೆ. ಮೊದಲ ದೃಶ್ಯದಲ್ಲೇ ಜನ ಊಹಿಸಿಬಿಟ್ಟರು. ಇನ್ನೊಂದು 40 ಸಾವಿರ ಸಾಲ.

ದಾರಿ ಸಿಕ್ಕಿದ್ದು ಪ್ರಾಂಪ್ಟರ್ ಪುಸ್ತಕದಲ್ಲಿ, ಅಂದರೆ ಯಾರು ಯಾವಾಗ ರಂಗದ ಮೇಲಿರಬೇಕು, ಏನು ಹೇಳಬೇಕು ಅಂತ ಬರೆದಿಟ್ಟ ಪ್ರತಿಯಲ್ಲಿ. ರಂಗದ ಮೇಲಿದ್ದವನಿಗೆ ಪ್ರೇಕ್ಷಕರೇ ಸಾಕ್ಷಿ ಅಲ್ವಾ? ಹಾಗಾಗಿ ಕೊಲೆಯನ್ನು ಬದಿಗಿಟ್ಟು, ಕತೆಯೊಳಗೆ ಆ ಕಂಪನಿ ಆಡುವ ಪೌರಾಣಿಕ ನಾಟಕವನ್ನೇ ಮೊದಲು ಪೂರ್ತಿ ಕಟ್ಟಿದೆ. ಸ್ಟಾಪ್‌ವಾಚ್ ಹಿಡಿದು ಐದಾರು ಸಲ ಆಡಿಸಿದೆ. ಸೈಡ್ ವಿಂಗಿನಿಂದ ಬಣ್ಣದ ಕೋಣೆಗೆ ಹೋಗಿ ಬರಲು ಕಿರೀಟ ಹೊತ್ತವನಿಗೆ 50 ಸೆಕೆಂಡ್, ಸೀರೆ ಉಟ್ಟವರಿಗೆ ಒಂದೂಕಾಲು ನಿಮಿಷ. ಕೊಲೆ ಮಾಡಿ, ಕೈ ತೊಳೆದು, ಮತ್ತೆ ಬರಲು ಆರು ನಿಮಿಷವಾದರೂ ಬೇಕು. ಯಾರಿಗೂ ಅಷ್ಟು ಬಿಡುವಿರಲಿಲ್ಲ.

ಆಗ ಒನ್ಸ್ ಮೋರ್ ಹೊಳೆಯಿತು. ಜನ ಕೂಗಿದರೆ ನಟ ಮತ್ತೆ ಹಾಡಬೇಕು. ಪುಸ್ತಕದಲ್ಲಿ ನಾಲ್ಕು ನಿಮಿಷದ ಹಾಡು ಆ ರಾತ್ರಿ ಎಂಟಾಗುತ್ತೆ. ಎಲ್ಲರೂ "ಹಾಡಿನ ಹೊತ್ತಲ್ಲಿ" ಅಂತ ಹೇಳಿಕೆ ಕೊಡುತ್ತಾರೆ, ಎರಡನೇ ಸಲದ್ದನ್ನು ಯಾರೂ ಲೆಕ್ಕ ಹಿಡಿಯಲ್ಲ. ಮೊದಲ ಕೂಗು ಯಾರದು, ಅದನ್ನು ಎಲ್ಲಿ ಅಡಗಿಸಿದೆ ಅನ್ನೋದು ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಪ್ರತಿ ಪ್ರದರ್ಶನಕ್ಕೂ ಕೊಲೆಗಾರನನ್ನು ಬದಲಿಸಿದೆ. ಆ ದಿನದ ಕೊಲೆಗಾರ ಯಾರು ಅಂತ ಉಳಿದ ನಟರ ಕಣ್ಣೇ ಹೇಳಿಬಿಡುತ್ತಿತ್ತು. ಬಿಟ್ಟೆ.

ಮೂರನೇ ಸಲದ ಮೊದಲ ಪ್ರದರ್ಶನದಲ್ಲಿ ಇಂಟರ್ವಲ್ ಹೊತ್ತಿಗೆ ಚೀಟಿ ಹಂಚಿ, ಕೊಲೆಗಾರ ಯಾರು ಬರೆಯಿರಿ ಅಂದೆ. ಸುಮಾರು 140 ಚೀಟಿ ಬಂದವು. ಒಬ್ಬರೂ ಸರಿ ಬರೆದಿರಲಿಲ್ಲ. ತಂಡ ಕುಣಿಯಿತು, ನನಗೆ ಮಾತ್ರ ಸಮಾಧಾನವಿಲ್ಲ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಪತ್ತೇದಾರಿ ಕತೆಗೆ ಹತ್ತು ನಿಯಮ ಬರೆದಿದ್ದರು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಆಗಲೇ ಸಿಗಬೇಕು ಅನ್ನೋದು ಅದರಲ್ಲೊಂದು. ನಾನು ಅದನ್ನು ಪಾಲಿಸಿರಲಿಲ್ಲ. ಹಾಡು ಎರಡು ಸಲ ಆಯಿತು ಅನ್ನೋದರ ಸುಳಿವಿಗೆ ಹಾರ್ಮೋನಿಯಂ ಮಾಸ್ಟರ್ ಬಾಯಿಗೆ ಒಂದೇ ಸಾಲು ಸೇರಿಸಿದೆ: "ಇವತ್ತು ಬೆರಳು ಜಾಸ್ತಿ ನೋಯ್ತಿದೆ ಕಣಯ್ಯಾ."

ಮುಂದಿನ ಪ್ರದರ್ಶನದಲ್ಲಿ ಒಂಬತ್ತು ಚೀಟಿ ಸರಿಯಿದ್ದವು.